ಸಹಿ ಬೀಳುವವರೆಗೆ: ಹಾಸನದಲ್ಲಿ ನರ್ಸಿಂಗ್ ಓದಿ ನೋಂದಣಿ ಮುಗಿಸಿದ ಅನುಭವ

ಕಳೆದ ತಿಂಗಳು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪ್ರಮಾಣಪತ್ರ ನನ್ನ ಕೈಸೇರಿತು. ಅಂದಿನಿಂದ ಅರಕಲಗೂಡು ಕಡೆಯ ನೆಂಟರು, ಅವರ ಪರಿಚಯದವರು, ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳ ತಂದೆತಾಯಂದಿರು ಫೋನು ಮಾಡಿ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ: ಎಷ್ಟು ಖರ್ಚಾಗುತ್ತದೆ, ಯಾವ ಕಾಲೇಜು ಸೇರಬೇಕು, ಗಂಡುಮಕ್ಕಳಿಗೆ ಇದರಲ್ಲಿ ಭವಿಷ್ಯವಿದೆಯೇ. ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಬಿಎಸ್‌ಸಿ ನರ್ಸಿಂಗ್ ಕಷ್ಟದ ಓದು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನನ್ನನ್ನು ಪಾಠಕ್ಕಿಂತ ಹೆಚ್ಚಾಗಿ ಕಾಡಿದ್ದು ಗಂಟೆಗಳ ಲೆಕ್ಕ ಮತ್ತು ಆ ಲೆಕ್ಕದ ಕೆಳಗೆ ಬೀಳಬೇಕಾದ ಸಹಿ. ವಾರ್ಡಿನಲ್ಲಿ ತಪ್ಪಿಹೋದ ಒಂದು ಸಹಿ ಮೂರು ವರ್ಷಗಳ ನಂತರ ಕೌನ್ಸಿಲ್‌ನ ಅರ್ಜಿಯಲ್ಲಿ ತಲೆಯೆತ್ತಬಹುದು ಎಂಬುದನ್ನು ಸೇರುವಾಗ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮದು 2021ರ ಬ್ಯಾಚು, ಕೋವಿಡ್‌ನಿಂದಾಗಿ ಪರೀಕ್ಷೆಯೇ ಇಲ್ಲದೆ ದ್ವಿತೀಯ ಪಿಯುಸಿ ಪಾಸಾದವರು. ಅರ್ಹತೆ ಸರಳವಾಗಿದೆ: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟಾರೆ ಶೇಕಡಾ 45 ಅಂಕ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 40, ಇಂಗ್ಲಿಷಿನಲ್ಲಿ ತೇರ್ಗಡೆ, ಮತ್ತು ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಈಗ ಸರ್ಕಾರಿ ಕೋಟಾದ ಸೀಟು ಬೇಕಿದ್ದರೆ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಬರೆದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕವೇ ಬರಬೇಕು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಹಿಮ್ಸ್‌ಗೆ ಸೇರಿದ ಸರ್ಕಾರಿ ನರ್ಸಿಂಗ್ ಕಾಲೇಜಿದೆ. ಅಲ್ಲಿ ಸೀಟು ಸಿಕ್ಕವರು ಎರಡನೆಯ ಯೋಚನೆ ಮಾಡದೆ ಸೇರಬಹುದು, ಏಕೆಂದರೆ ಶುಲ್ಕವೂ ಕಡಿಮೆ, ಜಿಲ್ಲೆಯ ಎಲ್ಲ ಮೂಲೆಗಳಿಂದ ರೋಗಿಗಳು ಬರುವ ದೊಡ್ಡ ಆಸ್ಪತ್ರೆಯೂ ಕೈಗೆಟುಕುವ ದೂರದಲ್ಲಿರುತ್ತದೆ. ನಾನು ಸೇರಿದ್ದು ನಗರದ ಒಂದು ಖಾಸಗಿ ಕಾಲೇಜಿಗೆ.

ಸಿಇಟಿಗೆ ಕೂರುವವರು ಫಲಿತಾಂಶ ಬರುವವರೆಗೆ ಕಾಯದೆ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಬೇಕು, ಅದರ ಮೇಲಿರುವ ಆರ್‌ಡಿ ಸಂಖ್ಯೆಯೇ ಮುಂದೆ ಎಲ್ಲ ಕಡೆ ಬೇಕಾಗುವುದು. ಗ್ರಾಮೀಣ ಮೀಸಲಾತಿ ಕೇಳುವವರು ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮಾತ್ರವಲ್ಲದೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಮಾಡಿಸಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ ಎಂಬುದನ್ನು ನೆನಪಿಡಿ.

ಖಾಸಗಿ ಕಾಲೇಜಿಗೆ ಸೇರುವ ಮುನ್ನ ಮೂರು ವಿಷಯಗಳನ್ನು ಸ್ವತಃ ನೋಡಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಆ ವರ್ಷಕ್ಕೆ ಇದೆಯೇ, ರಾಜ್ಯ ಕೌನ್ಸಿಲ್‌ನ ಮಾನ್ಯತೆ ಇದೆಯೇ, ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿದೆಯೇ. ಮೂರನೆಯದನ್ನು ಇಲ್ಲಿ ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊರರಾಜ್ಯಕ್ಕೆ ಅಥವಾ ಹೊರದೇಶಕ್ಕೆ ಹೋಗುವ ಆಸೆಯಿರುವವರು ಅದನ್ನು ಖಂಡಿತ ನೋಡಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ ನಾನು ಕೇಳುವ ಪ್ರಶ್ನೆಯೆಂದರೆ, ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ? ಕಟ್ಟಡ, ಪ್ರಯೋಗಾಲಯ, ಅಭ್ಯಾಸಕ್ಕಿಟ್ಟ ಗೊಂಬೆಗಳನ್ನು ತೋರಿಸುವ ಕಾಲೇಜಿನವರು ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳದಿದ್ದರೆ ಬೇರೆಡೆ ವಿಚಾರಿಸುವುದು ಒಳಿತು.

ಖರ್ಚಿನ ಮಾತು. ನಮಗೆ ಹೇಳಿದ್ದು ವರ್ಷಕ್ಕೆ 70,000 ರೂಪಾಯಿ. ವಿಶ್ವವಿದ್ಯಾಲಯದ ನೋಂದಣಿ, ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಸಮವಸ್ತ್ರ, ಕ್ಲಿನಿಕಲ್ ಶುಲ್ಕ, ರೆಕಾರ್ಡ್ ಪುಸ್ತಕಗಳು, ಹೊರಗಿನ ಪೋಸ್ಟಿಂಗ್ (ಬೇರೆಡೆ ಹೋಗಿ ಕೆಲಸ ಕಲಿಯುವ ಅವಧಿ), ಬೋಧನಾ ಆಸ್ಪತ್ರೆಗೆ ಹೋಗುವ ವ್ಯಾನು ಎಲ್ಲ ಸೇರಿ ಅದು 1 ಲಕ್ಷದ ಹತ್ತಿರಕ್ಕೆ ಬಂತು. ಪಿಜಿ ಮತ್ತು ಊಟದ ಖರ್ಚು ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತರಗತಿಯ ಹುಡುಗಿಯರು ಆಲೂರು, ಬೇಲೂರು, ಹೊಳೆನರಸೀಪುರಗಳಿಂದ ನಿತ್ಯ ಓಡಾಡತೊಡಗಿ ಪಿಜಿಯ ಬಾಡಿಗೆ ಉಳಿಸಿಕೊಂಡರು. ಹುಡುಗರಾದ ನಮಗೆ ಕೆಎಸ್‌ಆರ್‌ಟಿಸಿ ವಿದ್ಯಾರ್ಥಿ ಪಾಸೇ ಗತಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಅರ್ಜಿ ಮಂಜೂರಾಗಿಯೂ ಹಣ ಬಾರದ ಗೆಳೆಯರು ನಮ್ಮಲ್ಲಿ ಹಲವರಿದ್ದರು.

2021-22ರಿಂದ ಪಠ್ಯಕ್ರಮ ಸೆಮಿಸ್ಟರ್ ಪದ್ಧತಿಗೆ ಬದಲಾಯಿತು. ಹಳೆಯ ವಾರ್ಷಿಕ ಪದ್ಧತಿಯಲ್ಲಿ ಓದಿದ ಹಿರಿಯ ವಿದ್ಯಾರ್ಥಿಗಳ ಪ್ರಶ್ನೆಪತ್ರಿಕೆಗಳಾಗಲಿ ಟಿಪ್ಪಣಿಗಳಾಗಲಿ ನಮಗೆ ಪೂರ್ತಿ ಹೊಂದುತ್ತಿರಲಿಲ್ಲ. ಮೊದಲ ಸೆಮಿಸ್ಟರಿನ ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರ ಬೆವರಿಳಿಸಿದವು. ಚಿತ್ರ ಬರೆದು ಭಾಗಗಳನ್ನು ಗುರುತಿಸುವುದನ್ನು ಅಭ್ಯಾಸ ಮಾಡಿದರೆ ಅರ್ಧ ಭಾರ ಇಳಿಯುತ್ತದೆ. ಥಿಯರಿ ಮತ್ತು ಪ್ರಾಯೋಗಿಕ ಎರಡರಲ್ಲೂ ಪ್ರತ್ಯೇಕವಾಗಿ ಶೇಕಡಾ 50 ಅಂಕ ಬರಬೇಕು. ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಾತಿ ಸಾಕು. ಆದರೆ ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಹಾಜರಾತಿ, ಅಂದರೆ ವಾರ್ಡಿನ ಹಾಜರಾತಿ, ಶೇಕಡಾ 100 ಇರಲೇಬೇಕು. ಜ್ವರ ಬಂದಿರಲಿ, ಮನೆಯಲ್ಲಿ ಸಾವಾಗಿರಲಿ, ಊರ ಹಬ್ಬವಿರಲಿ, ತಪ್ಪಿದ ಪ್ರತಿ ಗಂಟೆಯನ್ನೂ ಮುಂದೆ ದುಡಿದು ತುಂಬಿಸಬೇಕು. ಅಜ್ಜಿ ತೀರಿಕೊಂಡಾಗ ಊರಿನಲ್ಲಿ ಕಳೆದ ದಿನಗಳನ್ನು ನಾನು ತುಂಬಿಸಿದ್ದು ನಂತರದ ಸೆಮಿಸ್ಟರ್ ರಜೆಯಲ್ಲಿ.

ಸೇರಿದ ಕೂಡಲೇ ಹೆಪಟೈಟಿಸ್ ಬಿ ಲಸಿಕೆಯನ್ನು ಆರಂಭಿಸಿ. ಮೊದಲ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಹೀಗಾಗಿ ವಾರ್ಡಿಗೆ ಕಾಲಿಡುವ ಹೊತ್ತಿಗೆ ಹಾಕಿಸಿದರಾಯಿತು ಎಂದು ಬಿಡಬಾರದು. ಎರಡನೆಯ ವರ್ಷದಲ್ಲಿ ನನ್ನ ಸಹಪಾಠಿಯೊಬ್ಬಳಿಗೆ ಬಳಸಿದ ಸೂಜಿ ಚುಚ್ಚಿತು. ಅವಳು ಹೆದರಿ ಯಾರಿಗೂ ಹೇಳದೆ ಇರಲು ನೋಡಿದಳು. ವಾರ್ಡಿನ ಹಿರಿಯ ಸಿಸ್ಟರ್ ಅವಳ ಮುಖ ನೋಡಿಯೇ ವಿಷಯ ತಿಳಿದುಕೊಂಡು, ಸೋಪು ನೀರಿನಲ್ಲಿ ಕೈ ತೊಳೆಸಿ, ಬೆರಳನ್ನು ಹಿಂಡಲು ಬಿಡದೆ, ನೇರವಾಗಿ ತುರ್ತು ವಿಭಾಗಕ್ಕೆ ಕರೆದೊಯ್ದರು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳ ಒಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವ ವಿಷಯ ಇದಲ್ಲ.

ವಾರ್ಡಿನ ಮೊದಲ ತಿಂಗಳುಗಳಲ್ಲಿ ಹಾಸಿಗೆ ಹಾಸುವುದು, ನಾಡಿ ಎಣಿಸುವುದು, ಬೆಡ್‌ಪ್ಯಾನ್ ಕೊಡುವುದು ಇವಿಷ್ಟೇ ಕೆಲಸ. ಇದಕ್ಕಾಗಿ ಡಿಗ್ರಿ ಓದಬೇಕೇ ಎಂದು ಮನೆಯವರು ಕೇಳಿದರು. ನನಗೂ ಆಗ ಉತ್ತರ ತಿಳಿದಿರಲಿಲ್ಲ. ಪಾರ್ಶ್ವವಾಯುವಾಗಿ ಮಲಗಿದ್ದ ಹಿರಿಯರೊಬ್ಬರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಮತ್ತು ಸೊಂಟದ ಚರ್ಮ ಕೆಂಪಾಗುತ್ತಿದೆಯೇ ಎಂದು ನೋಡುತ್ತ ಬಂದಾಗ, ಬೆನ್ನುಹುಣ್ಣಾಗದೆ ಅವರು ಮನೆಗೆ ಹೋದದ್ದನ್ನು ಕಂಡ ಮೇಲೆ ಆ ಕೆಲಸದ ಬೆಲೆ ಅರಿವಾಯಿತು.

ಈಗ ಸಹಿಯ ವಿಷಯ. ಪ್ರತಿಯೊಂದು ಕೌಶಲಕ್ಕೂ ಲಾಗ್‌ಬುಕ್ಕಿನಲ್ಲಿ ಒಂದು ಸಾಲಿರುತ್ತದೆ. ಮಾಡಿದ ದಿನಾಂಕ, ಮೇಲ್ವಿಚಾರಕರ ಸಹಿ. ವಾರ್ಡಿನ ಗಡಿಬಿಡಿಯಲ್ಲಿ ಸಿಸ್ಟರ್‌ಗಳಿಗೆ ಪುಸ್ತಕ ಚಾಚಿದರೆ ಸಿಡುಕುವುದು ಸಹಜ. ಪಾಳಿ ಬದಲಾಗುವ ಹೊತ್ತಿನಲ್ಲಂತೂ ಹತ್ತಿರ ಸುಳಿಯಲೂಬಾರದು. ಬೆಳಗಿನ ಔಷಧಿಗಳೆಲ್ಲ ಮುಗಿದು ಚಾರ್ಟ್ ಬರೆಯಲು ಅವರು ಕುಳಿತಾಗ, ಅಂದಿನ ಸಾಲುಗಳನ್ನು ಮೊದಲೇ ತುಂಬಿಸಿಟ್ಟು, ಸಹಿ ಬೀಳಬೇಕಾದ ಪುಟವನ್ನು ತೆರೆದು ಕೊಟ್ಟರೆ ಯಾರೂ ಇಲ್ಲವೆನ್ನುವುದಿಲ್ಲ. ವಾರದ ಕೊನೆಗೆ ಮಾಡಿಸಿಕೊಳ್ಳೋಣವೆಂದು ಬಿಟ್ಟವರು ಆ ಸಿಸ್ಟರ್ ವರ್ಗವಾಗಿ ಹೋದ ಮೇಲೆ ಪರದಾಡಿದ್ದನ್ನು ನೋಡಿದ್ದೇನೆ. ತಿಂಗಳಿಗೊಮ್ಮೆ ಲಾಗ್‌ಬುಕ್ಕಿನ ಪುಟಗಳನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಡಿ.

ಹುಡುಗನಾಗಿ ನನಗೆ ಎದುರಾದ ನಿಜವಾದ ಅಡ್ಡಿ ಹೆರಿಗೆ ವಾರ್ಡು. ಗರ್ಭಿಣಿಯರ ತಪಾಸಣೆ, ಹೆರಿಗೆಯ ಪ್ರಗತಿ ದಾಖಲಿಸುವ ಪಾರ್ಟೋಗ್ರಾಫ್ ಚಾರ್ಟು ತುಂಬಿಸುವುದು, ಹೆರಿಗೆ ನೋಡುವುದು, ನೆರವಾಗುವುದು, ಕೊನೆಗೆ ಮೇಲ್ವಿಚಾರಣೆಯಲ್ಲಿ ಸಹಜ ಹೆರಿಗೆ ಮಾಡಿಸುವುದು, ಇವು ಗಂಡುಮಕ್ಕಳಿಗೂ ಕಡ್ಡಾಯ; ಪ್ರತಿಯೊಂದಕ್ಕೂ ನಿಗದಿತ ಸಂಖ್ಯೆಯಿದೆ, ಅಷ್ಟಾಗದೆ ಲಾಗ್‌ಬುಕ್ ಮುಗಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯೊಂದಕ್ಕೆ ನಮ್ಮನ್ನು ಹಾಕಿದ್ದರು. ಪರದೆಯ ಹತ್ತಿರ ನಿಂತ ಮೊದಲ ದಿನವೇ ಗರ್ಭಿಣಿಯ ಅತ್ತೆ, "ಗಂಡ್ ಹುಡುಗ್ರಿಗೆ ಇಲ್ಲೇನ್ ಕೆಲ್ಸ, ಆಚೆ ಹೋಗಪ್ಪ" ಎಂದರು. ನಾನು ಹೊರಟೆ. ಮರುದಿನವೂ ಹಾಗೆಯೇ ಆಯಿತು. ಹುಡುಗಿಯರ ಪುಸ್ತಕಗಳು ತುಂಬುತ್ತಿದ್ದವು, ನಮ್ಮವು ಖಾಲಿ ಉಳಿದಿದ್ದವು. ಮನೆಯವರ ಸಂಕೋಚ ನನಗೆ ಅರ್ಥವಾಗುತ್ತಿತ್ತು, ಆದರೆ ಅದೇ ಕೋಣೆಗೆ ಗಂಡಸು ಡಾಕ್ಟರು ಬಂದಾಗ ಯಾರೂ ಚಕಾರವೆತ್ತುತ್ತಿರಲಿಲ್ಲ ಎಂಬುದೂ ಮನಸ್ಸಿಗೆ ಚುಚ್ಚುತ್ತಿತ್ತು.

ದಾರಿ ತೋರಿಸಿದವರು ಅಲ್ಲಿನ ರಾತ್ರಿ ಪಾಳಿಯ ಸಿಸ್ಟರ್. "ನೋವು ಜಾಸ್ತಿಯಾದ್ಮೇಲೆ ಬಂದು ನಿಂತ್ರೆ ಯಾರಾದ್ರೂ ಒಪ್ತಾರೇನಪ್ಪ? ಅಡ್ಮಿಟ್ ಆದಾಗ್ಲಿಂದ ಜೊತೇಲಿರು" ಎಂದರು. ಅಂದಿನಿಂದ ಗರ್ಭಿಣಿ ಒಳಗೆ ಬಂದ ಕೂಡಲೇ ತಾಯಿ ಕಾರ್ಡು ನೋಡಿ, ಬಿಪಿ ಪರೀಕ್ಷಿಸಿ, ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ಕೇಳಿ ಬರೆದು, ನಡುನಡುವೆ ನೀರು ಕೊಟ್ಟು, ಸೊಂಟ ತಿಕ್ಕುವುದು ಹೇಗೆಂದು ಜೊತೆಗಿದ್ದ ಹೆಂಗಸರಿಗೆ ತೋರಿಸುತ್ತ ಇದ್ದೆ. ಪ್ರತಿ ಸಲವೂ ನಾನು ವಿದ್ಯಾರ್ಥಿಯೆಂದು ಹೇಳಿ, ಒಳಗಿರಬಹುದೇ ಎಂದು ಗರ್ಭಿಣಿಯನ್ನೇ ಕೇಳುತ್ತಿದ್ದೆ. ಬೇಡವೆಂದವರೂ ಇದ್ದರು, ಅಲ್ಲಿಗೆ ಮುಗಿಯಿತು, ಒತ್ತಾಯಿಸುವಂತಿಲ್ಲ. ಆದರೆ ಗಂಟೆಗಟ್ಟಲೆ ಜೊತೆಗಿದ್ದವನನ್ನು ಹೆಚ್ಚಿನವರು ಹೊರಗೆ ಕಳುಹಿಸಲಿಲ್ಲ. ಸಿಸ್ಟರ್‌ನ ಕೈ ನನ್ನ ಕೈಯ ಮೇಲಿರುವಂತೆಯೇ ಮೊದಲ ಮಗುವಿನ ತಲೆ ಹೊರಬಂದಾಗ, ಕೊರಳಿಗೆ ಹುರಿ ಸುತ್ತಿದೆಯೇ ಎಂದು ಬೆರಳಾಡಿಸಿ ನೋಡಲು ಅವರು ಹೇಳಿದ್ದು, ಭುಜ ತಿರುಗುವುದನ್ನು ಕಾದದ್ದು, ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಿ ಒರೆಸಿದ್ದು ಎಲ್ಲವೂ ನಡೆದು, ಕಸ (ಮಾಸು) ಬಿದ್ದು ಅದು ಪೂರ್ತಿಯಾಗಿದೆಯೇ ಎಂದು ಹರಡಿ ನೋಡುವವರೆಗೂ ನನಗೆ ಬೇರೇನೂ ತೋಚಲಿಲ್ಲ. ಕೈಗವಸು ತೆಗೆದ ಮೇಲೆ ಕೈ ನಡುಗತೊಡಗಿತು. ಹುಡುಗರಿಗೆ ನನ್ನ ಸಲಹೆ ಇಷ್ಟೇ: ಹೆರಿಗೆ ವಾರ್ಡಿನ ಪೋಸ್ಟಿಂಗ್‌ನಲ್ಲಿ ರಾತ್ರಿ ಪಾಳಿಯನ್ನು ಕೇಳಿ ಪಡೆಯಿರಿ, ಮತ್ತು ಸಂಖ್ಯೆ ತುಂಬದಿರುವುದನ್ನು ಕಾಲೇಜಿಗೆ ಮೊದಲ ವಾರದಲ್ಲೇ ಬರವಣಿಗೆಯಲ್ಲಿ ತಿಳಿಸಿ.

ಸಮುದಾಯ ಆರೋಗ್ಯದ ಪೋಸ್ಟಿಂಗ್ ಸಕಲೇಶಪುರ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿತ್ತು. ಆಶಾ ಕಾರ್ಯಕರ್ತೆಯೊಡನೆ ಕಾಫಿ ತೋಟಗಳ ಕಾರ್ಮಿಕರಿರುವ ಲೈನ್ ಮನೆಗಳಿಗೆ ಹೋಗುತ್ತಿದ್ದೆವು. ಹೆಗಲಿಗೆ ನೇತುಹಾಕಿಕೊಳ್ಳುವ ಕಮ್ಯುನಿಟಿ ಬ್ಯಾಗಿಗೂ ಒಂದು ಕ್ರಮವಿದೆ. ಮನೆಯೊಳಗೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಬ್ಯಾಗಿಟ್ಟು, ಮೊದಲು ಸೋಪು ಮತ್ತು ಟವೆಲ್ ತೆಗೆದು ಕೈ ತೊಳೆದು, ನಂತರವೇ ಉಳಿದ ಉಪಕರಣಗಳಿಗೆ ಕೈಹಾಕಬೇಕು. ಹೊರಡುವಾಗ ನೆಲಕ್ಕೆ ತಾಗಿದ ಮಗ್ಗುಲು ಒಳಗಾಗುವಂತೆ ಪತ್ರಿಕೆಯನ್ನು ಮಡಚಬೇಕು. ಒಬ್ಬರೇ ಮಲಗಬಹುದಾದಷ್ಟು ಜಾಗದಲ್ಲಿ ನಾಲ್ವರು ವಾಸಿಸುವ ಕೋಣೆಯಲ್ಲಿ ಪತ್ರಿಕೆ ಹಾಸುವುದೆಲ್ಲಿ? ಬಾಗಿಲ ಹೊಸಿಲಿನ ಹೊರಗೆ, ಕಾಫಿ ಒಣಹಾಕುವ ಕಣದ ಅಂಚಿನಲ್ಲಿ ಹಾಸಿದೆವು. ಅಸ್ಸಾಮಿನಿಂದ ಬಂದ ಕಾರ್ಮಿಕರ ಮನೆಗಳಲ್ಲಿ ಕನ್ನಡ ನಡೆಯಲಿಲ್ಲ. ಮುರುಕು ಹಿಂದಿಯಲ್ಲಿ ಮಗುವಿನ ಲಸಿಕೆಯ ದಿನಾಂಕಗಳನ್ನು ಕೇಳುವುದು ಹರಸಾಹಸವಾಯಿತು. ಮಳೆಗಾಲದಲ್ಲಿ ಈ ಪೋಸ್ಟಿಂಗ್ ಬಂದರೆ ಜಿಗಣೆಗೆ ಸಿದ್ಧರಾಗಿ ಹೋಗಿ, ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಡಿ. ಶಾಯಿ ಕದಡಿದರೆ ಕುಟುಂಬ ಸಮೀಕ್ಷೆಯನ್ನೆಲ್ಲ ಹೊಸದಾಗಿ ಬರೆಯಬೇಕು.

ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆವು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ನೇರ ಪ್ರಯಾಣ. ವಾಸ್ತವ್ಯ ಮತ್ತು ಊಟದ ಖರ್ಚು ವಿದ್ಯಾರ್ಥಿಗಳದೇ ಆದ್ದರಿಂದ ಆ ಸೆಮಿಸ್ಟರಿಗೆ ಹಣವನ್ನು ಮೊದಲೇ ತೆಗೆದಿಡಿ. ರೋಗಿಯೊಡನೆ ಆಡಿದ ಮಾತನ್ನು ಅವರದೂ ನಮ್ಮದೂ ಹಾಗೆಹಾಗೆಯೇ ಬರೆದು ವಿಶ್ಲೇಷಿಸುವ ರೆಕಾರ್ಡ್ ಅಲ್ಲಿ ಮುಖ್ಯ. ಹಾಸನದ ಕನ್ನಡ ಮಾತ್ರ ಬಲ್ಲ ನಮಗೆ ಉತ್ತರ ಕರ್ನಾಟಕದ ಮಾತಿನ ಜಾಡು ಹಿಡಿಯಲು ಕೆಲವು ದಿನ ಬೇಕಾಯಿತು.

ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್: 22 ವಾರ, ವಾರಕ್ಕೆ 48 ಗಂಟೆ, ರಾತ್ರಿ ಪಾಳಿಯೂ ಸೇರಿ. ನಿಜವಾಗಿ ಕೆಲಸ ಕಲಿತದ್ದು ಆಗಲೇ. ಸಿಬ್ಬಂದಿ ಕಡಿಮೆಯಿರುವ ಆಸ್ಪತ್ರೆಗಳಲ್ಲಿ ಇಂಟರ್ನ್‌ಗಳನ್ನು ಸಂಬಳವಿಲ್ಲದ ನರ್ಸುಗಳಂತೆ ದುಡಿಸಿಕೊಳ್ಳುತ್ತಾರೆ, ನಮ್ಮನ್ನೂ ದುಡಿಸಿಕೊಂಡರು. ಆದರೂ ಮೇಲ್ವಿಚಾರಕರಿಲ್ಲದೆ ರಕ್ತ ಏರಿಸುವುದಕ್ಕಾಗಲಿ, ನರಕ್ಕೆ ಪೊಟ್ಯಾಸಿಯಂ ಕೊಡುವುದಕ್ಕಾಗಲಿ ಒಪ್ಪಿಕೊಳ್ಳಬೇಡಿ. ನಯವಾಗಿ, "ಸಿಸ್ಟರ್, ನೀವು ಜೊತೆಗಿದ್ದರೆ ಮಾಡುತ್ತೇನೆ" ಎಂದರೆ ಸಾಕು.

ಫಲಿತಾಂಶ ಬಂದ ಮೇಲೆ ಓದು ಮುಗಿಯಿತೆಂದುಕೊಂಡಿದ್ದೆವು. ತಾತ್ಕಾಲಿಕ ಪದವಿ ಪ್ರಮಾಣಪತ್ರ ವಿಶ್ವವಿದ್ಯಾಲಯದಿಂದ ಬರುವವರೆಗೂ ಕಾಯಬೇಕು, ಆ ನಡುವೆ ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ ಮತ್ತು ವ್ಯಾಸಂಗ ಪೂರ್ಣಗೊಳಿಸಿದ ಪತ್ರ ಪಡೆಯಬೇಕು. ಪ್ರತಿ ವಿಷಯದ ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳು ಟ್ರಾನ್ಸ್‌ಕ್ರಿಪ್ಟಿನಲ್ಲಿ ಸಾಲಾಗಿ ಬರುತ್ತವೆ. ಲಾಗ್‌ಬುಕ್ ಪೂರ್ತಿಯಿಲ್ಲದವರ ಪತ್ರಗಳು ಇಲ್ಲೇ ನಿಂತವು. ನನ್ನವು ನಿಂತದ್ದು ಬೇರೆ ಕಾರಣಕ್ಕೆ. ಕಾಲೇಜಿನವರು ಬಾಕಿಯಿದೆಯೆಂದು ಹೊಸದೊಂದು ಶುಲ್ಕವನ್ನು ಮುಂದಿಟ್ಟು ಮೂಲ ಅಂಕಪಟ್ಟಿಗಳನ್ನು ಕೊಡಲು ಸತಾಯಿಸಿದರು. ನಾಲ್ಕು ವರ್ಷಗಳ ರಸೀದಿಗಳನ್ನು ಅಪ್ಪ ಹಳೆಯ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದರು. ಅವನ್ನು ವರ್ಷವಾರು ಜೋಡಿಸಿ, ಲಿಖಿತ ಮನವಿಯೊಡನೆ ಕೊಟ್ಟು, ಮನವಿಯ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಮೇಲೆ ಮಾತು ಮೆತ್ತಗಾಯಿತು. ಬಾಯಿಮಾತಿನಲ್ಲಿ ಕೇಳುತ್ತ ಹೋದರೆ ನಾಳೆ ಬಾ ಎನ್ನುವುದು ನಿಲ್ಲುವುದಿಲ್ಲ.

ಮುಂದಿನ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಊರಿನ ಮತ್ತು ಅಪ್ಪನ ಹೆಸರಿನ ಮೊದಲಕ್ಷರಗಳಷ್ಟೇ ಇವೆ. ಆಧಾರ್ ಶಿಬಿರದಲ್ಲಿ ನಮೂದಿಸಿದವರು ಅಪ್ಪನ ಪೂರ್ಣ ಹೆಸರನ್ನು ಸೇರಿಸಿ ಊರನ್ನು ಬಿಟ್ಟಿದ್ದರು. ನಮ್ಮ ಕಡೆ ಹತ್ತರಲ್ಲಿ ಆರು ಜನರ ಕಥೆ ಹೀಗೆಯೇ ಇರುತ್ತದೆ, ಅಲ್ಲಿಯವರೆಗೆ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕೌನ್ಸಿಲ್‌ನ ಆನ್‌ಲೈನ್ ಅರ್ಜಿಯಲ್ಲಿ ಎರಡೂ ಹೊಂದಲಿಲ್ಲ. ವಿಶ್ವವಿದ್ಯಾಲಯದ ದಾಖಲೆಗಳು ಎಸ್‌ಎಸ್‌ಎಲ್‌ಸಿಯ ಹೆಸರನ್ನೇ ಅನುಸರಿಸುವುದರಿಂದ ಆಧಾರನ್ನು ತಿದ್ದಿಸುವುದೇ ಸುಲಭ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶವಿರುವುದರಿಂದ ಚುಕ್ಕಿ, ಅಂತರ, ಕಾಗುಣಿತಗಳನ್ನೆಲ್ಲ ನೋಡಿಯೇ ಅರ್ಜಿ ಕೊಡಿ. ಪ್ರಥಮ ವರ್ಷದಲ್ಲಿರುವವರು ಈ ಕೆಲಸವನ್ನು ಇವತ್ತೇ ಮುಗಿಸಬಹುದು. ನಾನು ಫಲಿತಾಂಶದ ನಂತರ ಮಾಡಿಸಲು ಹೋಗಿ ವಾರಗಟ್ಟಲೆ ಕಾಯಬೇಕಾಯಿತು.

ನೋಂದಣಿಗೆ ನನ್ನಿಂದ ಕೇಳಿದ್ದು ಎಸ್‌ಎಸ್‌ಎಲ್‌ಸಿ, ಪಿಯುಸಿ ಮತ್ತು ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಟ್ರಾನ್ಸ್‌ಕ್ರಿಪ್ಟ್, ಆಧಾರ್ ಮತ್ತು ಭಾವಚಿತ್ರ. ನರ್ಸ್ ಮತ್ತು ಮಿಡ್‌ವೈಫ್ ಎಂಬ ಎರಡೂ ನೋಂದಣಿಗಳು ಗಂಡಸರಿಗೂ ಆಗುತ್ತವೆ. ಹೆರಿಗೆ ವಾರ್ಡಿನಲ್ಲಿ ಪಟ್ಟ ಪಾಡು ಅಲ್ಲಿ ಲೆಕ್ಕಕ್ಕೆ ಬಂತು. ಅರ್ಜಿಯ ಸ್ಥಿತಿ "ಪರಿಶೀಲನೆಯಲ್ಲಿದೆ" ಎಂಬಲ್ಲೇ ನಿಂತಿದ್ದ ದಿನಗಳಲ್ಲಿ ಆಸ್ಪತ್ರೆಗಳು ಕರೆದರೂ ನೋಂದಣಿ ಸಂಖ್ಯೆಯಿಲ್ಲದೆ ಕೆಲಸಕ್ಕೆ ಸೇರಲಾಗಲಿಲ್ಲ. ಊರಿನಲ್ಲಿ ಆಲೂಗಡ್ಡೆ ಕೀಳಲು ನೆರವಾದೆ. ಓದಿದವನು ಮನೆಯಲ್ಲಿದ್ದಾನೆಂದು ನೆರೆಹೊರೆಯವರು ಆಡಿಕೊಂಡದ್ದೂ ಕಿವಿಗೆ ಬಿತ್ತು.

ಈಗ ಹಾಸನದ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಸೇರಿದ್ದೇನೆ. ರೋಗಿಗಳೂ ಸಿಬ್ಬಂದಿಯೂ ಬ್ರದರ್ ಎಂದು ಕರೆಯುತ್ತಾರೆ. ಸಂಬಳ 16,000 ರೂಪಾಯಿ. ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ, ಬಾಡಿಗೆ ಕಳೆದರೆ ಕೈಯಲ್ಲುಳಿಯುವುದು ಅಷ್ಟೇ. ಜೊತೆಯವರಲ್ಲಿ ಕೆಲವರು ಜರ್ಮನ್ ಭಾಷೆ ಕಲಿಯುತ್ತಿದ್ದಾರೆ. ನಾನು ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿಗೆ ನಡೆಯುವ ನಾರ್ಸೆಟ್ ಪರೀಕ್ಷೆಗೆ ಓದುತ್ತಿದ್ದೇನೆ. ಅದರಲ್ಲಿ ಹುದ್ದೆಗಳ ಶೇಕಡಾ 80 ಮಹಿಳೆಯರಿಗೆ, 20 ಪುರುಷರಿಗೆ ಎಂಬುದನ್ನು ಹುಡುಗರು ತಿಳಿದಿರಬೇಕು. ಗರಿಷ್ಠ ವಯಸ್ಸು 30, ಮೀಸಲಾತಿಯವರಿಗೆ ಸಡಿಲಿಕೆಯಿದೆ. ಬಿಎಸ್‌ಸಿಯವರಿಗೆ ಅನುಭವ ಬೇಕಿಲ್ಲ, ನರ್ಸಿಂಗ್ ಡಿಪ್ಲೊಮಾ (ಜಿಎನ್‌ಎಂ) ಓದಿದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು.

ಕೆಲಸಕ್ಕೆ ಸೇರುವಾಗ ಮೂಲ ಪ್ರಮಾಣಪತ್ರಗಳನ್ನು ಠೇವಣಿಯಾಗಿ ಇಡಲು ಕೇಳುವ ಆಸ್ಪತ್ರೆಗಳಿವೆ. ಮೊದಲು ಸಂದರ್ಶನಕ್ಕೆ ಹೋದ ಕಡೆ ನನ್ನನ್ನೂ ಕೇಳಿದರು, ಪರಿಶೀಲಿಸಿ ಕೂಡಲೇ ಹಿಂದಿರುಗಿಸುವುದಾದರೆ ತರುತ್ತೇನೆ ಎಂದು ಹೇಳಿ ಬಂದೆ. ಅವರು ಮತ್ತೆ ಕರೆಯಲಿಲ್ಲ. ಬಾಂಡ್ ಬರೆಸಿಕೊಳ್ಳುವವರಿದ್ದರೆ ಅವಧಿ, ಬಿಟ್ಟರೆ ಕಟ್ಟಬೇಕಾದ ಮೊತ್ತ, ನೋಟಿಸಿನ ದಿನಗಳನ್ನು ಓದಿ, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಂಡು ಸಹಿ ಮಾಡಿ. ಬಿಡುವಾಗ ಪಡೆಯುವ ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ವಿಭಾಗ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ನಿಮ್ಮ ನೋಂದಣಿ ಸಂಖ್ಯೆ ಇವೆಲ್ಲ ನಮೂದಾಗಿವೆಯೇ ಎಂದು ಆ ಕಚೇರಿಯ ಮೇಜಿನ ಮುಂದೆ ನಿಂತೇ ಓದಿಕೊಳ್ಳಿ.